130ನೇ ಸ್ಥಾನದಲ್ಲಿ ಇಬ್ಬರು: ಭಾರತ, ಬಾಂಗ್ಲಾದೇಶ ಮತ್ತು ಬದುಕನ್ನು ಅಳೆಯುವ ಲೆಕ್ಕ

(ಉಪನ್ಯಾಸದ ಬರಹ ರೂಪ)

2025ರ ಮೇ ತಿಂಗಳಲ್ಲಿ ಬಂದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯ ಪಟ್ಟಿಯಲ್ಲಿ 193 ದೇಶಗಳಿವೆ. 130ನೇ ಸ್ಥಾನದ ಎದುರಿಗೆ ಎರಡು ಹೆಸರು: ಭಾರತ, ಬಾಂಗ್ಲಾದೇಶ. ಇಬ್ಬರ ಮಾನವ ಅಭಿವೃದ್ಧಿ ಸೂಚ್ಯಂಕವೂ 0.685. ಮೂರು ದಶಮಾಂಶದವರೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಾಗಾದರೆ ಗಡಿಯ ಎರಡೂ ಕಡೆ ಜನ ಒಂದೇ ಥರ ಬದುಕುತ್ತಿದ್ದಾರೆಯೇ? ಇಲ್ಲವೇ ಇಲ್ಲ. ಈ ಅಂಕವನ್ನು ಬಿಚ್ಚಿ ನೋಡದೆ ಹೋಲಿಕೆಗೆ ಇಳಿದವರು ಎಲ್ಲಿ ಎಡವುತ್ತಾರೆ ಎನ್ನುವುದೇ ಇವತ್ತಿನ ಮಾತು.

ಮೊದಲು ಲೆಕ್ಕ. ಕ್ಯಾಲ್ಕುಲೇಟರ್ ಇದ್ದರೆ ಐದು ನಿಮಿಷದ ಕೆಲಸ. ಬೇಕಾದದ್ದು ನಾಲ್ಕು ಸಂಖ್ಯೆಗಳು: ಹುಟ್ಟಿದ ಮಗುವಿನ ನಿರೀಕ್ಷಿತ ಆಯುಷ್ಯ, ಇವತ್ತು ಶಾಲೆಗೆ ಸೇರುವ ಮಗು ಒಟ್ಟು ಎಷ್ಟು ವರ್ಷ ಓದಬಹುದು, 25 ದಾಟಿದವರು ಸರಾಸರಿ ಎಷ್ಟು ವರ್ಷ ಓದಿದ್ದಾರೆ, ಮತ್ತು ತಲಾ ಆದಾಯ. 2023ರ ಲೆಕ್ಕದಲ್ಲಿ ಭಾರತದ್ದು ಕ್ರಮವಾಗಿ 72.0, 13.0, 6.9 ಮತ್ತು 9,047 ಡಾಲರ್. ಬಾಂಗ್ಲಾದೇಶದ್ದು 74.7, 12.3, 6.8 ಮತ್ತು 8,498 ಡಾಲರ್. ಇಲ್ಲಿನ ಡಾಲರ್ ಬ್ಯಾಂಕಿನಲ್ಲಿ ಸಿಗುವ ಡಾಲರ್ ಅಲ್ಲ, ಅದರ ಮಾತು ಮುಂದೆ ಬರುತ್ತದೆ.

ಆಯುಷ್ಯದಿಂದ 20 ಕಳೆದು 65ರಿಂದ ಭಾಗಿಸಿ. ಭಾರತಕ್ಕೆ 0.800, ಬಾಂಗ್ಲಾಕ್ಕೆ 0.842. ಓದಿನ ಮೊದಲ ಸಂಖ್ಯೆಯನ್ನು 18ರಿಂದ, ಎರಡನೆಯದನ್ನು 15ರಿಂದ ಭಾಗಿಸಿ ಸರಾಸರಿ ತೆಗೆಯಿರಿ: 0.591 ಮತ್ತು 0.568. ಆದಾಯಕ್ಕೆ ಮಾತ್ರ ನೇರ ಭಾಗಾಕಾರವಿಲ್ಲ. ಆದಾಯವನ್ನು 100ರಿಂದ ಭಾಗಿಸಿ ಅದರ ಲಾಗರಿದಮ್ ತೆಗೆದು, 750ರ ಲಾಗರಿದಮ್‌ನಿಂದ ಭಾಗಿಸಬೇಕು. ತಿಂಗಳಿಗೆ ಎಂಟು ಸಾವಿರ ಬರುವ ಮನೆಗೆ ಇನ್ನೊಂದು ಸಾವಿರ ಸೇರಿದರೆ ಮಕ್ಕಳ ತಟ್ಟೆಗೆ ಮೊಟ್ಟೆ ಬೀಳುತ್ತದೆ, ಎಂಟು ಲಕ್ಷದ ಮನೆಯಲ್ಲಿ ಅದೇ ಸಾವಿರ ಯಾರ ಗಮನಕ್ಕೂ ಬರುವುದಿಲ್ಲ. ಲಾಗರಿದಮ್ ಇರುವುದು ಅದಕ್ಕೇ. ಇಲ್ಲಿ ಬರುವ ಉತ್ತರ 0.680 ಮತ್ತು 0.671. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಎರಡೂ ಕಡೆ 0.685.

ಈಗ ಮಜಾ ನೋಡಿ. ತಲಾ 549 ಡಾಲರ್ ಹೆಚ್ಚು ಗಳಿಸಿದ್ದಕ್ಕೆ ಭಾರತಕ್ಕೆ ಆದಾಯದ ಅಂಕಣದಲ್ಲಿ ಸಿಕ್ಕಿದ್ದು 0.009. ಬಾಂಗ್ಲಾದವರು 2.7 ವರ್ಷ ಹೆಚ್ಚು ಬದುಕಿದ್ದಕ್ಕೆ ಅವರಿಗೆ ಸಿಕ್ಕಿದ್ದು 0.042. ಅಷ್ಟು ಆಯುಷ್ಯವನ್ನು ಬರೀ ದುಡ್ಡಿನಿಂದ ಸರಿದೂಗಿಸಬೇಕೆಂದರೆ ಈ ಸೂತ್ರದ ಪ್ರಕಾರ ತಲಾ ಸುಮಾರು 2,200 ಡಾಲರ್ ಹೆಚ್ಚು ಬೇಕು. ಭಾರತವನ್ನು ಸಮಕ್ಕೆ ತಂದು ನಿಲ್ಲಿಸಿದ್ದು ಹಣಕ್ಕಿಂತ ಹೆಚ್ಚಾಗಿ ಶಾಲೆಯ ಅಂಕಣ. ಪಟ್ಟಿಯ ಸಮ ಅಂಕದ ಒಳಗೆ ಇರುವುದು ಇದು: ಒಬ್ಬರು ಹೆಚ್ಚು ಬದುಕುತ್ತಾರೆ, ಇನ್ನೊಬ್ಬರು ತುಸು ಹೆಚ್ಚು ಓದುತ್ತಾರೆ, ತುಸು ಹೆಚ್ಚು ಗಳಿಸುತ್ತಾರೆ.

ಆಯುಷ್ಯದ ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. 72.0 ಮತ್ತು 74.7 ವಿಶ್ವಸಂಸ್ಥೆಯ ಜನಸಂಖ್ಯಾ ಅಂದಾಜುಗಳು. ಬಾಂಗ್ಲಾದ ಸ್ವಂತ ಮಾದರಿ ನೋಂದಣಿ (ಆಯ್ದ ಊರುಗಳಲ್ಲಿ ಹುಟ್ಟು ಸಾವು ದಾಖಲಿಸುವ ಸರ್ಕಾರಿ ವ್ಯವಸ್ಥೆ) 2023ಕ್ಕೆ ಹೇಳುವುದು 72.3, ಭಾರತದ ಮಾದರಿ ನೋಂದಣಿ 2018–22ಕ್ಕೆ ಹೇಳುವುದು 69.9. ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದರೆ ಒಂದು ದೇಶಕ್ಕೆ ವಿಶ್ವಸಂಸ್ಥೆಯ ಸಂಖ್ಯೆ, ಇನ್ನೊಂದಕ್ಕೆ ಅದರದೇ ಸರ್ಕಾರದ ಸಂಖ್ಯೆ ಹಿಡಿದರೆ ಅಂತರ ಒಂದೋ ಮಾಯವಾಗುತ್ತದೆ, ಇಲ್ಲ ಎರಡು ಪಟ್ಟಾಗುತ್ತದೆ. ಟಿವಿ ಚರ್ಚೆಗಳಲ್ಲಿ ದಿನಾ ನಡೆಯುವುದು ಈ ಕೈಚಳಕವೇ.

ಇನ್ನು ಡಾಲರ್ ವಿಚಾರ. 2020ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಆ ವರ್ಷದ ಬಾಂಗ್ಲಾದ ತಲಾ ಉತ್ಪನ್ನ 1,888 ಡಾಲರ್, ಭಾರತದ್ದು 1,877 ಎಂದು ಅಂದಾಜು ಮಾಡಿತು. ಹನ್ನೊಂದು ಡಾಲರ್ ವ್ಯತ್ಯಾಸಕ್ಕೆ ಇಲ್ಲಿ ದೊಡ್ಡ ಗಲಾಟೆಯೇ ಆಯಿತು. ಅದು ಕೋವಿಡ್ ವರ್ಷ, ಭಾರತದ ಆರ್ಥಿಕತೆ ಶೇ. 10.3 ಕುಗ್ಗುತ್ತದೆ ಎಂದು ನಿಧಿ ಲೆಕ್ಕ ಹಾಕಿತ್ತು. ಅದಕ್ಕಿಂತ ಮುಖ್ಯವಾಗಿ, ಅದು ಮಾರುಕಟ್ಟೆ ವಿನಿಮಯ ದರದ ಡಾಲರ್. ಮಾರುಕಟ್ಟೆಯಲ್ಲಿ ಒಂದು ಡಾಲರಿಗೆ ಎಂಬತ್ತಕ್ಕೂ ಹೆಚ್ಚು ರೂಪಾಯಿ ಕೊಡಬೇಕು. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಬರುವ ಕ್ಷೌರ, ಅಕ್ಕಿ, ಬಸ್ ಪ್ರಯಾಣ, ಬಾಡಿಗೆ ಎಲ್ಲವನ್ನೂ ಸೇರಿಸಿ ನೋಡಿದರೆ ಇಲ್ಲಿ ಅಷ್ಟಕ್ಕೆ ಸುಮಾರು 20 ರೂಪಾಯಿ ಸಾಕು. ಇದೇ ಕೊಳ್ಳುವ ಶಕ್ತಿಯ ಲೆಕ್ಕ. ಆ ಲೆಕ್ಕದಲ್ಲಿ ಅದೇ 2020ಕ್ಕೆ ಅದೇ ನಿಧಿಯ ಅಂದಾಜು ಭಾರತಕ್ಕೆ 6,284, ಬಾಂಗ್ಲಾಕ್ಕೆ 5,139. ಆಮೇಲೆ ಕಥೆ ತಿರುಗಿತು. 2022ರ ಆರಂಭದಲ್ಲಿ ಡಾಲರಿಗೆ 86ರ ಆಸುಪಾಸಿನಲ್ಲಿದ್ದ ಬಾಂಗ್ಲಾದ ಹಣ ಟಾಕಾ 2024ರ ಕೊನೆಗೆ 120ಕ್ಕೆ ಬಂತು. ಕಾಗದದ ಮೇಲೆ ಬಾಂಗ್ಲಾದವರು ರಾತ್ರೋರಾತ್ರಿ ಬಡವರಾದರು, ಊರ ಸಂತೆಯಲ್ಲಿ ಅಕ್ಕಿಯ ಬೆಲೆ ಆ ಪ್ರಮಾಣದಲ್ಲಿ ಏರಿರಲಿಲ್ಲ. ಬದುಕಿನ ಮಟ್ಟ ಹೋಲಿಸುವಾಗ ಮಾರುಕಟ್ಟೆ ಡಾಲರನ್ನು ಪಕ್ಕಕ್ಕಿಡಿ. ಅದು ಬೇಕಾಗುವುದು ತೈಲ ಆಮದು, ವಿದೇಶಿ ಸಾಲ ಇಂಥವುಗಳ ಲೆಕ್ಕಕ್ಕೆ.

ಮನೆ ಖರ್ಚಿನ ಸಮೀಕ್ಷೆಗಳನ್ನು ನೇರವಾಗಿ ಹೋಲಿಸಿದರೆ ಆಗದೇ ಎಂದು ಕೇಳಬಹುದು. ಮಾಡಿ ನೋಡೋಣ. ಬಾಂಗ್ಲಾದ 2022ರ ಸಮೀಕ್ಷೆಯಲ್ಲಿ ಒಂದು ಮನೆಯ ತಿಂಗಳ ಖರ್ಚು 31,500 ಟಾಕಾ, ಮನೆಯಲ್ಲಿ ಸರಾಸರಿ 4.26 ಮಂದಿ. ತಲೆಗೆ 7,394 ಟಾಕಾ. ಭಾರತದ 2022–23ರ ಸಮೀಕ್ಷೆಯಲ್ಲಿ ತಲೆಗೆ ಹಳ್ಳಿಯಲ್ಲಿ 3,773, ಪಟ್ಟಣದಲ್ಲಿ 6,459 ರೂಪಾಯಿ. ಆಗ ಒಂದು ರೂಪಾಯಿಗೆ ಒಂದೂಕಾಲು ಟಾಕಾದ ಆಸುಪಾಸು ಇತ್ತು. ಹಾಗೆ ಭಾಗಿಸಿದರೆ ಬಾಂಗ್ಲಾದ ಸರಾಸರಿ ಮನುಷ್ಯ ಹೆಚ್ಚುಕಡಿಮೆ ನಮ್ಮ ಪಟ್ಟಣದವನ ಮಟ್ಟದಲ್ಲಿ ಖರ್ಚು ಮಾಡುತ್ತಿದ್ದಾನೆ ಎಂದಾಗುತ್ತದೆ. ನಂಬಬೇಡಿ. ಭಾರತದ ಲೆಕ್ಕ ಸ್ವಂತ ಮನೆಯಲ್ಲಿರುವವರ ಬಾಡಿಗೆಯನ್ನು ಊಹಿಸಿ ಸೇರಿಸುವುದಿಲ್ಲ, ಸೇರಿಸುವ ದೇಶಗಳ ಮೊತ್ತ ಸಹಜವಾಗಿಯೇ ಉಬ್ಬುತ್ತದೆ. ಪಡಿತರದ ಪುಕ್ಕಟೆ ಅಕ್ಕಿಗೆ ಬೆಲೆ ಕಟ್ಟಬೇಕೇ ಬೇಡವೇ ಎನ್ನುವುದರ ಮೇಲೂ ಮೊತ್ತ ಬದಲಾಗುತ್ತದೆ. ಬೆಲೆ ಕಟ್ಟಿದರೆ ನಮ್ಮ ಹಳ್ಳಿಯ 3,773 ಎನ್ನುವುದು 3,860 ಆಗುತ್ತದೆ. ಇನ್ನು ಪ್ರಶ್ನೆ ಕೇಳುವ ರೀತಿ. "ಕಳೆದ ಏಳು ದಿನದಲ್ಲಿ ಎಷ್ಟು ತರಕಾರಿ ತಂದಿರಿ" ಎಂದರೆ ಒಂದು ಉತ್ತರ, "ಕಳೆದ ಮೂವತ್ತು ದಿನದಲ್ಲಿ" ಎಂದರೆ ಇನ್ನೊಂದು. ತಿಂಗಳ ಹಿಂದಿನ ಕೊತ್ತಂಬರಿ ಕಟ್ಟು ಯಾರಿಗೆ ನೆನಪಿರುತ್ತದೆ? 1999–2000ದಲ್ಲಿ ನಮ್ಮವರು ಎರಡೂ ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೇಳಿ ಬಡತನದ ಅಂಕಿಅಂಶವನ್ನೇ ಕಲಸಿಟ್ಟರು, ವರ್ಷಗಟ್ಟಲೆ ಜಗಳ ನಡೆಯಿತು. 2022–23ರಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಆಹಾರ, ದಿನಬಳಕೆ, ದೀರ್ಘಬಾಳಿಕೆಯ ಸಾಮಾನು ಎಂದು ಬೇರೆ ಬೇರೆ ಕೇಳಿದರು. ಹಾಗಾಗಿ ಭಾರತದ ಹಳೆಯ ಸಮೀಕ್ಷೆಯ ಜೊತೆಗೇ ಹೊಸದನ್ನು ನೇರವಾಗಿ ಹೋಲಿಸಲು ಬರುವುದಿಲ್ಲ, ಬಾಂಗ್ಲಾದ ಮಾತು ದೂರ ಉಳಿಯಿತು. ಈ ಸಮೀಕ್ಷೆಗಳಿಂದ ಹೋಲಿಕೆಗೆ ಸ್ವಲ್ಪಮಟ್ಟಿಗೆ ನಿಲ್ಲುವುದು ಊಟದ ಪಾಲು: ಬಾಂಗ್ಲಾದಲ್ಲಿ ಖರ್ಚಿನ ಶೇ. 45.8, ನಮ್ಮ ಹಳ್ಳಿಗಳಲ್ಲಿ ಶೇ. 46.4, ಪಟ್ಟಣಗಳಲ್ಲಿ ಶೇ. 39.2.

ಕಡಿಮೆ ಆದಾಯದಲ್ಲಿ ಹೆಚ್ಚು ಆಯುಷ್ಯ ಹೇಗೆ ಬಂತು? ಅದಕ್ಕೆ ಎರಡು ವಸ್ತುಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಉಪ್ಪು ಬೆಲ್ಲದ ನೀರು. ಇನ್ನೊಂದು, ಸಿಮೆಂಟ್ ರಿಂಗಿನ ಪಾಯಿಖಾನೆ.

ವಾಂತಿಭೇದಿಯಲ್ಲಿ ಮಗು ಸಾಯುವುದು ನೀರು ಮತ್ತು ಲವಣ ಬಸಿದು ಹೋಗುವುದರಿಂದ. ಬರೀ ನೀರು ಕುಡಿಸಿದರೆ ಕರುಳು ಹೀರಿಕೊಳ್ಳುವುದಿಲ್ಲ, ಉಪ್ಪಿನ ಜೊತೆ ಸಕ್ಕರೆಯ ಅಂಶ ಇದ್ದರೆ ಹೀರಿಕೊಳ್ಳುತ್ತದೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಕೇಂದ್ರದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳ ಮೇಲೆ ಸಾಧಿಸಿ ತೋರಿಸಿದರು. 1971ರಲ್ಲಿ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾಕ್ಕೆ ತುತ್ತಾಗುತ್ತಿದ್ದಾಗ ಡಾ. ದಿಲೀಪ್ ಮಹಾಲನಬಿಸ್ ಇದನ್ನು ಸಾವಿರಾರು ಜನಕ್ಕೆ ಕುಡಿಸಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಅಂದರೆ ವಿದ್ಯೆ ಎರಡೂ ದೇಶಗಳ ಕೈಯಲ್ಲಿ ಒಂದೇ ಹೊತ್ತಿಗೆ ಇತ್ತು. ವ್ಯತ್ಯಾಸವಾದದ್ದು ಅದನ್ನು ಮನೆಗೆ ಮುಟ್ಟಿಸಿದ ರೀತಿಯಲ್ಲಿ.

1980ರಿಂದ 1990ರವರೆಗೆ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಬಾಂಗ್ಲಾದಲ್ಲಿ 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ತಾಯಂದಿರಿಗೆ ಇದನ್ನು ಕಲಿಸಿದರು. ಪ್ಯಾಕೆಟ್ ಹಂಚಲಿಲ್ಲ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಎಡವುವ ಜಾಗ ಇದರಲ್ಲೂ ಇದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ನೀರು ಹೆಚ್ಚಾದರೆ ಉಪಯೋಗವಿಲ್ಲ. ಅದಕ್ಕೆ ಸಂಬಳದ ಲೆಕ್ಕವನ್ನೇ ತಿರುಗಿಸಿದರು. ಎಷ್ಟು ಮನೆಗೆ ಹೋದೆ ಎನ್ನುವುದಕ್ಕೆ ದುಡ್ಡಿಲ್ಲ. ತಿಂಗಳಾದ ಮೇಲೆ ಬೇರೊಬ್ಬರು ಹತ್ತರಲ್ಲಿ ಒಂದು ಮನೆಗೆ ಹೋಗಿ, ತಾಯಿಗೆ ಎಷ್ಟು ನೆನಪಿದೆ, ಅವಳು ಕಲಸಿದ ನೀರು ಸರಿಯಿದೆಯೇ ಎಂದು ನೋಡಿ ದರ್ಜೆ ಕೊಡುತ್ತಿದ್ದರು, ಆ ದರ್ಜೆಯ ಪ್ರಕಾರ ಕಲಿಸಿದವಳಿಗೆ ಸಂಬಳ. ನಮ್ಮ ಸರ್ಕಾರಿ ತರಬೇತಿಗಳಲ್ಲಿ ಸಹಿ ಪುಸ್ತಕ ತುಂಬಿದರೆ ಮುಗಿಯಿತು ಎನ್ನುವ ಪದ್ಧತಿಯನ್ನು ಇದರ ಪಕ್ಕ ಇಟ್ಟು ನೋಡಿ. ಭಾರತದಲ್ಲಿ 2019–21ರಲ್ಲೂ ಭೇದಿಯಾದ ಮಕ್ಕಳಲ್ಲಿ ಒಆರ್‌ಎಸ್ (ಇದೇ ಉಪ್ಪು ಸಕ್ಕರೆಯ ದ್ರಾವಣ) ಸಿಕ್ಕಿದ್ದು ಶೇ. 61ರಷ್ಟಕ್ಕೆ ಮಾತ್ರ.

ಪಾಯಿಖಾನೆಯದು ಇನ್ನೂ ದೊಡ್ಡ ಪಾಠ. ಬಾಂಗ್ಲಾದ ಹಳ್ಳಿಯ ಶೌಚಾಲಯ ಎಂದರೆ ಐದಾರು ಸಿಮೆಂಟ್ ರಿಂಗ್ ಇಳಿಸಿದ ಗುಂಡಿ, ಮೇಲೆ ಒಂದು ಚಪ್ಪಡಿ, ಅದರ ಕೆಳಗೆ ನೀರು ನಿಲ್ಲುವ ಬಾಗಿದ ಕೊಳವೆ, ಸುತ್ತ ತಗಡು ಅಥವಾ ಬಿದಿರ ತಟ್ಟಿ. ರಿಂಗು ಚಪ್ಪಡಿ ಎರಕ ಹೊಯ್ದು ಮಾರುವವರು ಊರ ಸಂತೆಯಲ್ಲೇ ಇರುತ್ತಾರೆ. 1999–2000ದಲ್ಲಿ ರಾಜಶಾಹಿಯ ಮೊಸ್‌ಮೊಯಿಲ್ ಹಳ್ಳಿಯಲ್ಲಿ ಅಭಿವೃದ್ಧಿ ತಜ್ಞ ಕಮಲ್ ಕರ್ ಶುರುಮಾಡಿದ ವಿಧಾನದಲ್ಲಿ ಸಬ್ಸಿಡಿಯೇ ಇಲ್ಲ. ಊರವರೇ ಬಯಲಿಗೆ ಹೋಗುವ ಜಾಗಗಳ ನಕ್ಷೆ ಬರೆದು, ದಿನಕ್ಕೆ ಊರಲ್ಲಿ ಎಷ್ಟು ಮಲ ಬೀಳುತ್ತದೆ ಎಂದು ತಾವೇ ಲೆಕ್ಕ ಹಾಕಿ, ಅದು ನೊಣದ ಕಾಲಲ್ಲಿ ಊಟದ ತಟ್ಟೆಗೆ ಬರುವುದನ್ನು ತಾವೇ ಬಾಯಿಬಿಟ್ಟು ಹೇಳಬೇಕು. 1990ರಲ್ಲಿ ಮೂರರಲ್ಲಿ ಒಬ್ಬರು ಬಯಲಿಗೆ ಹೋಗುತ್ತಿದ್ದ ದೇಶದಲ್ಲಿ 2015ರ ಹೊತ್ತಿಗೆ ಉಳಿದದ್ದು ನೂರಕ್ಕೆ ಒಬ್ಬರು.

ಭಾರತದಲ್ಲಿ 2014ರ ಅಕ್ಟೋಬರ್ 2ರಿಂದ ಸ್ವಚ್ಛ ಭಾರತ ಯೋಜನೆ ಮನೆಗೆ 12,000 ರೂಪಾಯಿ ಕೊಟ್ಟಿತು. ಕಟ್ಟಡ ಎದ್ದಿತು. 2019–21ರ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾವ ಶೌಚಾಲಯವನ್ನೂ ಬಳಸದ ಮನೆಗಳು ಇನ್ನೂ ಶೇ. 19 ಇದ್ದವು. ನಮ್ಮಲ್ಲಿ ತೊಡಕು ಗುಂಡಿಯದು. ಅವಳಿ ಗುಂಡಿ ಶೌಚಾಲಯದಲ್ಲಿ ಒಂದು ಗುಂಡಿ ಐದಾರು ವರ್ಷಕ್ಕೆ ತುಂಬುತ್ತದೆ, ಆಗ ಇನ್ನೊಂದಕ್ಕೆ ತಿರುಗಿಸಿದರೆ ಒಂದೆರಡು ವರ್ಷದಲ್ಲಿ ಮೊದಲನೆಯದು ಒಣಗಿ ಗೊಬ್ಬರವಾಗುತ್ತದೆ. ತಾಂತ್ರಿಕವಾಗಿ ಚೊಕ್ಕ. ಆದರೆ ಅದನ್ನು ಖಾಲಿ ಮಾಡುವವರು ಯಾರು ಎನ್ನುವ ಪ್ರಶ್ನೆ ಜಾತಿಗೆ ಅಂಟಿಕೊಂಡಿದೆ. ಹಾಗಾಗಿ ಜನ ಕೋಣೆಯಷ್ಟು ದೊಡ್ಡ ಟ್ಯಾಂಕ್ ಬಯಸುತ್ತಾರೆ, ಅದಕ್ಕೆ ದುಡ್ಡು ಸಾಲದಿದ್ದರೆ ಚಿಕ್ಕ ಗುಂಡಿ ತುಂಬೀತೆಂದು ಮನೆಯ ಗಂಡಸರು ಬಯಲಿಗೇ ಹೋಗುತ್ತಾರೆ.

ಬಾಂಗ್ಲಾದ ಪಾಯಿಖಾನೆಯೇನೂ ಆದರ್ಶವಲ್ಲ. ಬಾಗಿದ ಕೊಳವೆ ಇದ್ದರೆ ಪ್ರತಿ ಸಲ ಹೆಚ್ಚು ನೀರು ಸುರಿಯಬೇಕು. ಕೊಳದಿಂದ ಕೊಡ ಹೊತ್ತು ತರುವ ಮನೆಯವರು ಬೇಸತ್ತು ಕೋಲಿನಿಂದ ಕೊಳವೆ ಒಡೆದುಬಿಡುತ್ತಾರೆ. ಆ ಕ್ಷಣಕ್ಕೆ ನೀರಿನ ತಡೆ ಹೋಯಿತು, ನೊಣಕ್ಕೆ ದಾರಿಯಾಯಿತು. ಸಮೀಕ್ಷೆಯವರು ಚಪ್ಪಡಿ ನೋಡಿ 'ಸುಧಾರಿತ' ಎಂದು ಬರೆದುಕೊಂಡು ಹೋಗಿರುತ್ತಾರೆ.

ನೀರಿನ ಅಂಕಣದಲ್ಲಿ ಇಂಥದೇ ಕಥೆ ಭಯಂಕರವಾಗಿ ನಡೆದಿದೆ. ಕೆರೆನೀರಿನ ಭೇದಿಯಿಂದ ತಪ್ಪಿಸಲು 1970ರ ದಶಕದಿಂದ ಬಾಂಗ್ಲಾದಲ್ಲಿ ಲಕ್ಷಗಟ್ಟಲೆ ಕೈಪಂಪಿನ ಕೊಳವೆಬಾವಿ ಹಾಕಿದರು. 1993ರಲ್ಲಿ ಚಪಾಯ್ ನವಾಬ್‌ಗಂಜ್‌ನ ಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿತು. ಮುಂದಿನ ಸಮೀಕ್ಷೆಯಲ್ಲಿ 150 ಮೀಟರ್‌ಗಿಂತ ಕಡಿಮೆ ಆಳದ ಬಾವಿಗಳಲ್ಲಿ ಶೇ. 27ರಷ್ಟು ಲೀಟರಿಗೆ 50 ಮೈಕ್ರೋಗ್ರಾಂ ಎಂಬ ದೇಶದ ಮಿತಿ ದಾಟಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10. ಸುಮಾರು ಐವತ್ತು ಲಕ್ಷ ಬಾವಿ ಪರೀಕ್ಷಿಸಿ ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಅಂಕಿಅಂಶದ ಪುಸ್ತಕದಲ್ಲಿ ಕೆಂಪು ಬಾವಿಯೂ 'ಸುಧಾರಿತ ನೀರಿನ ಮೂಲ'ವೇ. ಕೋಲಾರ, ಪಾವಗಡ ಕಡೆಯ ಫ್ಲೋರೈಡ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ವಿಚಾರಕ್ಕೆ ಬಂದರೆ, ಮಕ್ಕಳನ್ನು ಉಳಿಸುವುದರಲ್ಲಿ ಬಾಂಗ್ಲಾವೇ ಮುಂದೆ ಎನ್ನುವ ಹಳೆಯ ಭಾಷಣಗಳನ್ನು ತಿದ್ದಿಕೊಳ್ಳಬೇಕಾಗಿದೆ. ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ 1990ರಲ್ಲಿ ಬಾಂಗ್ಲಾ ನಮಗಿಂತ ಹಿಂದಿತ್ತು, ಆಮೇಲೆ ಬಹಳ ಮುಂದೆ ಹೋಯಿತು, ಈಗ ಎರಡೂ ಸಾವಿರಕ್ಕೆ 30ರ ಆಸುಪಾಸಿನಲ್ಲಿವೆ. ಭಾರತ ಹಿಡಿದುಬಿಟ್ಟಿದೆ. ಹಿಡಿಯದೇ ಉಳಿದದ್ದು ಬೆಳವಣಿಗೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಬಾಂಗ್ಲಾದಲ್ಲಿ 2022ಕ್ಕೆ ಶೇ. 24, ಭಾರತದಲ್ಲಿ 2019–21ಕ್ಕೆ ಶೇ. 35.5. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ. 11 ಮತ್ತು ಶೇ. 19.3. ಎರಡೂ ಒಂದೇ ಮೂಲದ ಪ್ರಶ್ನಾವಳಿಯ ಸಮೀಕ್ಷೆಗಳು, ಅಳತೆಯ ವಿಧಾನ ಒಂದೇ, ಆದ್ದರಿಂದ ಈ ಹೋಲಿಕೆಯನ್ನು ಒಪ್ಪಬಹುದು. ಆದರೆ ಇದೇ ಸಮೀಕ್ಷೆಯಿಂದ ಹೆಂಗಸರ ಓದನ್ನು ಹೋಲಿಸಲು ಹೋಗಬೇಡಿ. ಬಾಂಗ್ಲಾದಲ್ಲಿ ಸಂದರ್ಶನ ಮಾಡುವುದು ಮದುವೆಯಾದವರನ್ನು ಮಾತ್ರ, ಭಾರತದಲ್ಲಿ 15ರಿಂದ 49ರ ಎಲ್ಲ ಹೆಂಗಸರನ್ನು.

ಇಷ್ಟು ಕೇಳಿದವರು ಬಾಂಗ್ಲಾವೇ ಮೇಲು ಎಂದುಕೊಳ್ಳುವ ಮೊದಲು ಬಹು ಆಯಾಮದ ಬಡತನದ ಪಟ್ಟಿ ತೆರೆಯಿರಿ. 2023ರ ಆವೃತ್ತಿಯಲ್ಲಿ ಭಾರತದ ಶೇ. 16.4 ಜನ ಬಡವರು, ಬಾಂಗ್ಲಾದಲ್ಲಿ ಶೇ. 24.6. ಕಾರಣ ಲೆಕ್ಕದ ಒಳಗಿದೆ. ಹತ್ತು ಸೂಚಕಗಳು. ಪೋಷಣೆ, ಮಗುವಿನ ಸಾವು, ಓದಿದ ವರ್ಷ, ಶಾಲೆಗೆ ಹೋಗುವುದು, ಇವು ನಾಲ್ಕಕ್ಕೂ ತಲಾ ಆರನೇ ಒಂದು ಪಾಲು. ಉರುವಲು, ಶೌಚ, ನೀರು, ವಿದ್ಯುತ್, ಮನೆ, ಸಾಮಾನು, ಇವು ಆರಕ್ಕೆ ತಲಾ ಹದಿನೆಂಟನೇ ಒಂದು ಪಾಲು. ಮೂರನೇ ಒಂದರಷ್ಟು ಕೊರತೆ ಕೂಡಿದರೆ ಆ ಮನೆ ಬಡ ಮನೆ. ಮಣ್ಣಿನ ನೆಲ, ಸೌದೆ ಒಲೆ, ಪಕ್ಕದ ಮನೆಯ ಜೊತೆ ಹಂಚಿಕೊಂಡ ಪಾಯಿಖಾನೆ: ಹದಿನೆಂಟರಲ್ಲಿ ಮೂರಾಯಿತು. ಮನೆಯಲ್ಲಿ ಯಾರೂ ಆರು ವರ್ಷ ಓದಿಲ್ಲ: ಇನ್ನೂ ಮೂರು. ಒಟ್ಟು ಆರು, ಅಂದರೆ ಸರಿಯಾಗಿ ಮೂರನೇ ಒಂದು. ಮನೆ ಬಡವಾಯಿತು, ಹೊಟ್ಟೆ ತುಂಬಿದ್ದರೂ. ಸಾರಿಸಿದ ಮಣ್ಣಿನ ನೆಲ, ಸೆಣಬಿನ ಕಡ್ಡಿಗೆ ಸೆಗಣಿ ಮೆತ್ತಿ ಒಣಗಿಸಿದ ಉರುವಲು ಬಾಂಗ್ಲಾದ ಹಳ್ಳಿಯಲ್ಲಿ ಮಾಮೂಲು. ಭಾರತದಲ್ಲಿ 2016ರಿಂದ ಉಜ್ವಲಾ ಸಿಲಿಂಡರ್ ಮನೆಮನೆಗೆ ಬಂತು, ತುಂಬಿಸಲು ದುಡ್ಡಿಲ್ಲದವರು ಮತ್ತೆ ಸೌದೆಗೆ ಹೋದದ್ದು ಬೇರೆ ಮಾತು.

ದುಡಿಮೆಯ ವಿಷಯಕ್ಕೆ ಬೆಂಗಳೂರಿನವರಿಗೆ ಪರಿಚಯದ ಉದಾಹರಣೆ ಗಾರ್ಮೆಂಟ್ಸ್. ಪೀಣ್ಯ, ಮೈಸೂರು ರಸ್ತೆಯಲ್ಲಿ ಹೊಲಿಯುವ ಅಂಗಿಯನ್ನೇ ಢಾಕಾ ಹೊರವಲಯದ ಗಾಜಿಪುರ, ಆಶುಲಿಯಾದಲ್ಲೂ ಹೊಲಿಯುತ್ತಾರೆ. ಅಲ್ಲಿ 2023ರ ಡಿಸೆಂಬರ್‌ನಿಂದ ಕನಿಷ್ಠ ಕೂಲಿ 12,500 ಟಾಕಾ. ಬಿಚ್ಚಿದರೆ: ಮೂಲ ವೇತನ 6,700, ಮನೆ ಬಾಡಿಗೆ 3,350, ಔಷಧಿಗೆ 750, ಓಡಾಟಕ್ಕೆ 450, ಊಟಕ್ಕೆ 1,250. ಒಡೆದು ಹೇಳಲು ಕಾರಣವಿದೆ. ಓಟಿ ಲೆಕ್ಕ ಮೂಲ ವೇತನದ ಮೇಲೆ ಮಾತ್ರ: 6,700ನ್ನು 208 ಗಂಟೆಯಿಂದ ಭಾಗಿಸಿ ಎರಡರಿಂದ ಗುಣಿಸಿದರೆ ಗಂಟೆಗೆ ಸುಮಾರು 64 ಟಾಕಾ. ಪೂರ್ತಿ 12,500ರ ಮೇಲೆ ಹಾಕಿದ್ದರೆ 120 ಆಗುತ್ತಿತ್ತು. ಆಗ ಕೂಲಿ ಮಂಡಳಿ ಕೂರುತ್ತಿದ್ದದ್ದು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ, ನಡುವೆ ಮೂಲ ವೇತನಕ್ಕೆ ವರ್ಷಕ್ಕೆ ಶೇ. 5 ಏರಿಕೆ. ಬೆಲೆಗಳು ಶೇ. 9–10ರ ವೇಗದಲ್ಲಿ ಏರಿದಾಗ ಅದು ಯಾವ ಮೂಲೆಗೂ ಸಾಲಲಿಲ್ಲ, 2024ರ ಕೊನೆಗೆ ಪ್ರತಿಭಟನೆಯಾಗಿ ಶೇ. 9ಕ್ಕೆ ಒಪ್ಪಿದರು. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ, ಪಿಎಫ್, ಇಎಸ್‌ಐ ಕಡಿತವಾಗುತ್ತದೆ. ಕೈಗೆ ಬಂದ ಸಂಬಳವನ್ನಷ್ಟೇ ಹೋಲಿಸಿದರೆ ಇಎಸ್‌ಐ ಆಸ್ಪತ್ರೆಯ ಹೆರಿಗೆ, ಪಿಎಫ್‌ನ ಗಂಟು ಎರಡೂ ಲೆಕ್ಕದಿಂದ ಬಿದ್ದುಹೋಗುತ್ತವೆ.

ಅದೇ ಬಾಂಗ್ಲಾದಲ್ಲಿ, ಸುಮಾರು ನಲವತ್ತು ಲಕ್ಷ ಜನ, ಅವರಲ್ಲಿ ಹೆಚ್ಚಿನವರು ಹೆಂಗಸರು, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ದೇಶದಲ್ಲಿ, 20ರಿಂದ 24ರ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ 18 ತುಂಬುವ ಮೊದಲೇ ಮದುವೆ. ಭಾರತದಲ್ಲಿ ಶೇ. 23.3. ಇಲ್ಲಿ ಸರಾಸರಿಯ ಮೋಸ ಗಮನಿಸಿ: ಅದೇ ಭಾಷೆ, ಅದೇ ನದಿ ಮುಖಜ ಭೂಮಿಯ ಪಶ್ಚಿಮ ಬಂಗಾಳದಲ್ಲಿ ಅದು ಶೇ. 41.6. 140 ಕೋಟಿಯ ದೇಶದ ಸರಾಸರಿಯನ್ನು 17 ಕೋಟಿಯ ದೇಶದ ಪಕ್ಕ ಇಡುವ ಬದಲು ಪಶ್ಚಿಮ ಬಂಗಾಳವನ್ನು ಇಟ್ಟರೆ ಚಿತ್ರ ಬೇರೆ. ಬಾಲ್ಯವಿವಾಹದಲ್ಲಿ ಇಬ್ಬರೂ ಕೆಟ್ಟವರು, ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎನ್ನುವ ಲೆಕ್ಕದಲ್ಲಿ ಬಂಗಾಳ 1.6, ಬಾಂಗ್ಲಾ 2.3, ಮಕ್ಕಳ ಕುಂಠಿತ ಬೆಳವಣಿಗೆಯಲ್ಲಿ ಬಂಗಾಳ ಶೇ. 33.8, ಬಾಂಗ್ಲಾ ಶೇ. 24.

ಕರ್ನಾಟಕವನ್ನು ಇಡಬಹುದೇ? ಇಡಬಹುದು. ಶಿಶು ಮರಣ 2020ಕ್ಕೆ ಸಾವಿರಕ್ಕೆ 19, ಕೇರಳದ್ದು 6, ಮಧ್ಯಪ್ರದೇಶದ್ದು 43. ಬಾಲ್ಯವಿವಾಹ ಶೇ. 21.3, ಸ್ವಚ್ಛ ಉರುವಲಿನ ಮನೆಗಳು ಶೇ. 79.7. ಕೊನೆಯ ಎರಡರಲ್ಲಿ ಬಾಂಗ್ಲಾ ನಮ್ಮ ಹತ್ತಿರಕ್ಕೆ ಬರುವುದಿಲ್ಲ. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ನಮ್ಮಲ್ಲಿ ಶೇ. 35.4. ಬೆಂಗಳೂರಿನ ಆದಾಯ ಬೆನ್ನಿಗಿದ್ದೂ ಅಖಿಲ ಭಾರತದ ಸಾಲಿನಲ್ಲೇ ನಿಂತಿದ್ದೇವೆ, ಬಾಂಗ್ಲಾಕ್ಕಿಂತ ಹನ್ನೊಂದು ಅಂಶ ಹಿಂದೆ.

ನಿಮ್ಮ ಜಿಲ್ಲೆಯನ್ನೇ ಇಟ್ಟು ನೋಡಬೇಕೆಂದರೆ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಹಾಳೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, 104 ಸೂಚಕಗಳಿವೆ. ಓದುವಾಗ ಆವರಣ ಚಿಹ್ನೆಯೊಳಗಿನ ಸಂಖ್ಯೆಗಳನ್ನು ಗಮನಿಸಿ. ಅದರರ್ಥ ಆ ಸಂಖ್ಯೆ ನಿಂತಿರುವುದು ಬರೀ 25ರಿಂದ 49 ಮಕ್ಕಳ ಅಥವಾ ಹೆಂಗಸರ ಮೇಲೆ. ನಕ್ಷತ್ರ ಚಿಹ್ನೆ ಇದ್ದರೆ 25ಕ್ಕಿಂತ ಕಡಿಮೆ, ಸಂಖ್ಯೆಯನ್ನೇ ಕೊಟ್ಟಿರುವುದಿಲ್ಲ. ಸಮೀಕ್ಷೆಯ ಹಿಂದಿನ ಎರಡು ವಾರದಲ್ಲಿ ಭೇದಿಯಾದ ಮಕ್ಕಳನ್ನು ಮಾತ್ರ ಎಣಿಸುವುದರಿಂದ ಒಆರ್‌ಎಸ್‌ನ ಸಾಲು ಹೀಗೆ ಆವರಣದೊಳಗೆ ಬೀಳುವುದು ಹೆಚ್ಚು. ಅಂಥ ಸಾಲನ್ನು ಹಿಡಿದು ಬಾಂಗ್ಲಾದ ಜೊತೆ ವಾದಕ್ಕೆ ಇಳಿಯಬೇಡಿ. ಎತ್ತರ, ತೂಕ, ಶೌಚಾಲಯ, ಉರುವಲು, ಈ ನಾಲ್ಕು ಸಾಲುಗಳು ಸಾಕು.